ನಾಯಿ ನಿಲ್ಲಬೇಕು, ಫೋಟೋ ಬರಬೇಕು



ಹೋಳಿಗೆಯ ಹೂರಣ ನೀರಾದರೆ ಏನು ಮಾಡಬೇಕು, ಕೂಸಿನ ಕೆಮ್ಮಿಗೆ ಯಾವ ಕಷಾಯ ಒಳ್ಳೆಯದು ಎಂಬ ಎಂದಿನ ಪತ್ರಗಳ ನಡುವೆ ಈ ಸಲ ಒಂದು ಬೇರೆ ತರಹದ ಪತ್ರ ಬಂದಿದೆ. ಬರೆದವರು ಮುಧೋಳದ ಕಡೆಯ ಹಳ್ಳಿಯೊಂದರ ಗೃಹಿಣಿ. ಅವರ ಮಾತಿನಲ್ಲೇ ಕೇಳಿ:

"ನಮ್ಮ ಮನ್ಯಾಗ ಮುಧೋಳ ಜಾತಿ ನಾಯಿ ಐತ್ರೀ. ನಮ್ಮ ಮಾವನವರು ಮರಿ ಇದ್ದಾಗಿಂದ ಸಾಕ್ಯಾರ. ಈಗ ಅದಕ್ಕ ಹನ್ನೊಂದು ವರ್ಷ. ಮಾವನವರಿಗೂ ವಯಸ್ಸಾತು. ಮೊಬೈಲಿನಾಗ ನೂರು ಫೋಟೋ ತಗದೀನಿ, ಒಂದೂ ನೆಟ್ಟಗ ಬಂದಿಲ್ಲ. ಪುಣೆದಾಗ ಇರೋ ನಾದಿನಿಗೆ ಕಳಿಸಿದ್ರ, 'ವೈನಿ, ನಾಯಿಗೆ ಹೊಟ್ಟಿಗೆ ಹಾಕೂದಿಲ್ಲೇನು, ಎಲುಬು ಎಣಸಬಹುದಲ್ಲ' ಅಂದ್ಲು. ಮಾವನವರು ಅದನ್ನ ಕೇಳಿ ಎರಡು ದಿನ ಮಾತಾಡಲಿಲ್ಲ. ನಾಯಿ ಹೋಗೂದರೊಳಗ ಅವರ ಕೈಯಾಗ ಒಂದು ಚಲೋ ಫೋಟೋ ಕೊಡಬೇಕಂತ ಆಸೆ. ಹೆಂಗ ತಗೀಬೇಕ್ರೀ ಅಕ್ಕಾ?"

ಫೋಟೋ ತೆಗೆಯುವ ವಿಷಯ ಅಡಿಗೆ-ಹೊಲಿಗೆಯ ಪುಟದಲ್ಲಿ ಏಕೆ ಎನ್ನುವವರುಂಟು. ಆದರೆ ಈಗ ಕ್ಯಾಮರಾ ಯಜಮಾನರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿಲ್ಲ. ನಮ್ಮ ಸೆರಗಿನ ತುದಿಯಲ್ಲೇ, ಒಲೆಯ ಪಕ್ಕದ ಮಾಡದಲ್ಲೇ ಇದೆ. ಮನೆಯ ನಾಯಿ ಬೆಕ್ಕುಗಳಿಗೆ ದಿನಾ ರೊಟ್ಟಿ ಹಾಕುವವರೂ ನಾವೇ. ಹಾಗಿರುವಾಗ ಅವುಗಳ ಫೋಟೋ ಬೇರೆ ಯಾರು ತೆಗೆದಾರು?

ಮೊದಲು ನಾದಿನಿಯ ಮಾತಿಗೆ ಉತ್ತರ ಹೇಳಿಬಿಡೋಣ. ಮುಧೋಳ ನಾಯಿ ತೆಳ್ಳಗಿರುವುದು ಹಸಿವಿನಿಂದಲ್ಲ, ಹುಟ್ಟಿನಿಂದ. ಓಡುವುದಕ್ಕೆಂದೇ ಆದ ಮೈ ಅದು. ಎದೆ ಆಳ, ಹೊಟ್ಟೆ ಮೇಲಕ್ಕೆ ಸೆಳೆದುಕೊಂಡಂತೆ, ಕಾಲು ಉದ್ದ, ಮೂತಿ ನೀಳ, ಚರ್ಮ ಬಿಗಿ, ಕೂದಲು ಗಿಡ್ಡ. ಗಂಡುನಾಯಿ ಭುಜದ ಹತ್ತಿರ ಹತ್ತಿರಹತ್ತಿರ ಎರಡೂಕಾಲು ಅಡಿ ಎತ್ತರ ನಿಲ್ಲುತ್ತದೆ. ಕೊನೆಯ ಎರಡು ಮೂರು ಪಕ್ಕೆಲುಬು ತುಸು ಕಂಡರೆ ಈ ಜಾತಿಗೆ ಅದು ಸಹಜ. ಹಾಗೆಂದು ಬೆನ್ನುಹುರಿಯ ಗಂಟುಗಳೆಲ್ಲ ಎದ್ದು ಕಾಣುತ್ತಿದ್ದರೆ, ಮುಪ್ಪಿನ ನಾಯಿ ಒಮ್ಮೆಲೇ ಇಳಿದುಹೋಗಿದ್ದರೆ, ಫೋಟೋ ಆಮೇಲೆ, ಮೊದಲು ದನದ ಡಾಕ್ಟರಿಗೆ ತೋರಿಸಿ.

ಈ ನಾಯಿಗೆ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ತಳಿ ಕಾಪಾಡಿ ಹೆಸರು ತಂದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟ ಕಥೆಯನ್ನು ಆ ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 2005ರಲ್ಲಿ ನಮ್ಮ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಮುಧೋಳದ್ದೂ ಒಂದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರು ನಡೆಸುವ ನಾಯಿಗಳ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಸೈನ್ಯದವರೂ ಈ ನಾಯಿಗಳನ್ನು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಇದರ ಹೆಸರು ಹೇಳಿದ್ದನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಇಷ್ಟೆಲ್ಲ ಹೆಸರಿರುವ ನಾಯಿ ನಮ್ಮ ಮೊಬೈಲಿನಲ್ಲಿ ಮಾತ್ರ ಉಪವಾಸ ಬಿದ್ದ ಹಾಗೆ ಕಾಣುವುದೇಕೆ?

ಕಾರಣ ಎರಡು. ಒಂದು ಬಿಸಿಲು, ಇನ್ನೊಂದು ನಾವು ನಿಲ್ಲುವ ಎತ್ತರ.

ನಾವು ಫೋಟೋ ತೆಗೆಯುವುದು ಯಾವಾಗ? ಕೆಲಸ ಮುಗಿದ ಮೇಲೆ, ಅಂದರೆ ನಡುಮಧ್ಯಾಹ್ನ. ಆಗ ಸೂರ್ಯ ನೆತ್ತಿಯ ಮೇಲೆ. ಒಂದೊಂದು ಪಕ್ಕೆಲುಬಿನ ಕೆಳಗೂ ಕಪ್ಪು ಗೆರೆ ಬೀಳುತ್ತದೆ, ಕಣ್ಣು ಗುಳಿಯಲ್ಲಿ ಮುಚ್ಚಿಹೋಗುತ್ತದೆ, ಹೊಟ್ಟೆಯ ಕೆಳಗೆ ಕತ್ತಲೆ. ಇರುವ ಎಲುಬು ನಾಲ್ಕು ಪಟ್ಟಾಗಿ ಕಾಣುತ್ತದೆ. ಅದೇ ನಾಯಿಯನ್ನು ಮುಂಜಾನೆ ಏಳು ಗಂಟೆಗೆ ನೋಡಿ, ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಮೈ ರೇಷ್ಮೆಯಂತೆ ಹೊಳೆಯುತ್ತದೆ. ಸಂಜೆ ಹೊತ್ತು ಮುಳುಗುವ ಮೊದಲಿನ ಒಂದು ಗಂಟೆಯೂ ಹಾಗೆಯೇ. ನಮ್ಮ ಸೀಮೆಯ ಬೇಸಿಗೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹನ್ನೊಂದರ ಮೇಲೆ ಅಂಗಳದ ಹಾಸುಗಲ್ಲು ನಾಯಿಯ ಪಾದ ಸುಡುತ್ತದೆ. ಸುಡುವ ಕಾಲಿನ ನಾಯಿ ನೆಟ್ಟಗೆ ಹೇಗೆ ನಿಂತೀತು?

ಬಿಸಿಲೇ ಬೇಡವೆಂದರೆ ಇನ್ನೂ ಒಳ್ಳೆಯದು. ಜಮಖಂಡಿ, ಮುಧೋಳ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ, ಒಳಗೆ ಕತ್ತಲೆ, ಬೆಳಕು ಬರುವುದು ತಲೆಬಾಗಿಲಿನಿಂದ ಮತ್ತು ಬೆಳಕಿಂಡಿಯಿಂದ. ಪೇಟೆಯ ಸ್ಟುಡಿಯೋದವರು ದುಡ್ಡು ಹಾಕಿ ಮಾಡಿಸಿಕೊಳ್ಳುವ ಬೆಳಕನ್ನು ಆ ತಲೆಬಾಗಿಲು ನಮಗೆ ಪುಕ್ಕಟೆ ಕೊಡುತ್ತದೆ. ನಾಯಿಯನ್ನು ಹೊಸ್ತಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿಸಿ. ನೀವು ಹೊರಗೆ, ಬಾಗಿಲ ಪಕ್ಕಕ್ಕೆ ಸರಿದು ಕೂಡಿ, ಬೆಳಕಿಗೆ ಅಡ್ಡವಾಗಬೇಡಿ. ಮೆತ್ತಗಿನ ಬೆಳಕು ಮುಖದ ಮೇಲೆ ಬೀಳುತ್ತದೆ, ಹಿಂದೆ ಕತ್ತಲೆ ಇರುವುದರಿಂದ ಅಡ್ಡಾದಿಡ್ಡಿ ಸಾಮಾನು ಕಾಣುವುದಿಲ್ಲ, ಕಣ್ಣಿನಲ್ಲಿ ಬಾಗಿಲಿನ ಬಿಳಿ ಚುಕ್ಕೆ ಮಿಂಚುತ್ತದೆ. ಆ ಚುಕ್ಕೆ ಇದ್ದರೆ ಕಣ್ಣಿಗೆ ಜೀವ. ಅದಿಲ್ಲದ ಫೋಟೋದಲ್ಲಿ ನಾಯಿ ಗೊಂಬೆಯಂತೆ ಕಾಣುತ್ತದೆ. ಮುಖದ ಒಂದು ಮಗ್ಗುಲು ತೀರಾ ಕಪ್ಪಾದರೆ ಆ ಕಡೆಗೆ ಒಂದು ಬಿಳಿ ಧೋತರವನ್ನು ಬಿಡಿಸಿ ಹಿಡಿಯಲು ಹೇಳಿ. ಬೆಳಕು ಅದಕ್ಕೆ ಬಡಿದು ಹಿಂದಿರುಗಿ ಕಪ್ಪನ್ನು ತುಂಬುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ.

ರಾತ್ರಿ ಫ್ಲಾಶ್ ಹಾಕಿ ತೆಗೆಯುವುದನ್ನು ದಯವಿಟ್ಟು ಬಿಡಿ. ನಾಯಿ, ಬೆಕ್ಕು, ಆಕಳುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಕತ್ತಲಲ್ಲಿ ಅವಕ್ಕೆ ಚೆನ್ನಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ಫ್ಲಾಶಿನ ಬೆಳಕು ನೇರ ಹೋಗಿ ಆ ಪದರಕ್ಕೆ ಬಡಿದು ವಾಪಸು ಬರುವುದರಿಂದಲೇ ಫೋಟೋದಲ್ಲಿ ಕಣ್ಣು ಹಸಿರು ದೀಪ ಹೊತ್ತಿಸಿದಂತೆ ಬರುವುದು. ದೆವ್ವವೂ ಅಲ್ಲ, ದೃಷ್ಟಿಯೂ ಅಲ್ಲ.

ಇನ್ನು ಎತ್ತರದ ಮಾತು. ನಾವು ನಿಂತುಕೊಂಡು ಮೇಲಿನಿಂದ ಮೊಬೈಲು ಹಿಡಿದರೆ ನಾಯಿಯ ತಲೆ ದೊಡ್ಡದು, ಕಾಲು ಗಿಡ್ಡ, ನಡು ಕಡ್ಡಿ. ಅಷ್ಟೇ ಅಲ್ಲ, ಹತ್ತಿರ ಹೋಗಿ ತೆಗೆದರೆ ಮೂತಿ ಮುಂದಕ್ಕೆ ಉಬ್ಬಿ ಬರುತ್ತದೆ. ಮುಧೋಳ ನಾಯಿಯ ನೀಳ ಮೂತಿಗಂತೂ ಇದು ದೊಡ್ಡ ಅನ್ಯಾಯ. ಕ್ಯಾಮರಾ ನಾಯಿಯ ಮಟ್ಟಕ್ಕೆ ಇಳಿಯಬೇಕು. ಮುಖದ ಫೋಟೋಕ್ಕೆ ಅದರ ಕಣ್ಣಿನ ಎತ್ತರ, ಇಡೀ ಮೈಯ ಫೋಟೋಕ್ಕೆ ಅದರ ಎದೆಯ ಎತ್ತರ. ಎಂಟು ಹತ್ತು ಅಡಿ ಹಿಂದೆ ಸರಿದು, ಝೂಮನ್ನು ಎರಡಕ್ಕೆ ಇಟ್ಟು ತೆಗೆಯಿರಿ. ಮೂತಿ, ತಲೆ, ಎದೆ ಎಲ್ಲ ಇದ್ದ ಅಳತೆಯಲ್ಲೇ ಬರುತ್ತವೆ. ಝೂಮನ್ನು ಅದಕ್ಕಿಂತ ಬಹಳ ಮುಂದೆ ಎಳೆದರೆ ಎಷ್ಟೋ ಮೊಬೈಲುಗಳಲ್ಲಿ ಚಿತ್ರ ರವೆ ರವೆಯಾಗುತ್ತದೆ.

"ಅಂಗಳದಾಗ ಸೀರೆ ಉಟ್ಟುಕೊಂಡು ಮಕಾಡೆ ಮಲಗಬೇಕೇನ್ರೀ? ಮಂದಿ ಏನಂದಾರು?" ಎಂದು ನೀವು ಕೇಳುವುದು ನನಗೆ ಗೊತ್ತು. ಮಲಗಬೇಕಾಗಿಲ್ಲ. ಊಟದ ಮಣೆ ಹಾಕಿಕೊಂಡು ಕೂತರೆ ಸಾಕು. ಮೊಬೈಲನ್ನು ತಲೆಕೆಳಗು ಮಾಡಿ ಹಿಡಿದರೆ ಅದರ ಕಣ್ಣು ನೆಲದ ಹತ್ತಿರಕ್ಕೆ ಹೋಗುತ್ತದೆ. ಚಿತ್ರವನ್ನು ಆಮೇಲೆ ನೆಟ್ಟಗೆ ಮಾಡಿಕೊಳ್ಳಬಹುದು. ಸೀರೆಯ ಮಾತು ಬಂತೆಂದು ಹೇಳುತ್ತೇನೆ, ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ (1913–2012) ದಿಲ್ಲಿಯಲ್ಲಿ ದೊಡ್ಡ ದೊಡ್ಡ ಮುಖಂಡರ ಫೋಟೋ ತೆಗೆದದ್ದು ಸೀರೆ ಉಟ್ಟುಕೊಂಡೇ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅವರು ಬಳಸುತ್ತಿದ್ದ ಕ್ಯಾಮರಾಗಳಲ್ಲಿ ರೋಲಿಫ್ಲೆಕ್ಸ್ ಎಂಬುದೂ ಒಂದು. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಾರೆ. ಹಳೆಯ ಕಾಲದ ಫೋಟೋಗಳಲ್ಲಿ ಕೂಸು, ಕರು, ನಾಯಿ ನೆಟ್ಟಗೆ ಕಾಣಲು ಅಂಥ ಕ್ಯಾಮರಾದ ಗಿಡ್ಡ ನಿಲುವೂ ಒಂದು ಕಾರಣ.

ಹೊರದೇಶದಲ್ಲಿ ಎಲಿಯಟ್ ಎರ್‍ವಿಟ್ (1928–2023) ಎಂಬ ಛಾಯಾಗ್ರಾಹಕ ನಾಯಿಗಳ ಫೋಟೋಗಳಿಂದಲೇ ಲೋಕಪ್ರಸಿದ್ಧನಾದ. 1974ರಲ್ಲಿ ನ್ಯೂಯಾರ್ಕಿನಲ್ಲಿ ಅವನು ತೆಗೆದ ಒಂದು ಚಿತ್ರದಲ್ಲಿ ಕ್ಯಾಮರಾ ನೆಲದ ಮಟ್ಟದಲ್ಲಿದೆ. ಒಂದು ಕಡೆ ದೊಡ್ಡ ನಾಯಿಯ ಬರೇ ಕಾಲುಗಳು, ನಡುವೆ ಒಬ್ಬ ಹೆಂಗಸಿನ ಬೂಟುಗಳು, ಈ ಕಡೆ ಟೋಪಿ ಹಾಕಿಕೊಂಡ ಒಂದು ಪುಟಾಣಿ ನಾಯಿ ಪೂರ್ತಿಯಾಗಿ. ಲೋಕವೆಲ್ಲ ಆ ಸಣ್ಣ ನಾಯಿಯ ಅಳತೆಗೆ ಇಳಿದುಬಿಟ್ಟಿದೆ. ನಾಯಿಗಳ ಗಮನ ಸೆಳೆಯಲು ಎರ್‍ವಿಟ್ ತಾನೇ ಬೊಗಳುತ್ತಿದ್ದನಂತೆ. ನೀವು ಬೊಗಳಬೇಕಾಗಿಲ್ಲ ಬಿಡಿ, ಅತ್ತೆಯವರು ಗಾಬರಿಯಾದಾರು.

ಗಮನ ಸೆಳೆಯುವುದಕ್ಕೆ ಮುಧೋಳ ನಾಯಿಯ ಗುಣ ತಿಳಿದಿರಬೇಕು. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ, ಕಣ್ಣಿನಿಂದ ನೋಡಿ ಬೆನ್ನಟ್ಟುವ ನಾಯಿ. ಅದಕ್ಕೆ ಚಿಟಿಕೆ, ಸೀಟಿಗಳಿಗಿಂತ ದೂರದಲ್ಲಿ ಏನೋ ಅಲುಗಾಡಿದರೆ ಕುತೂಹಲ. ಮನೆಯ ಹುಡುಗನೊಬ್ಬನನ್ನು ನಿಮ್ಮ ಹಿಂದೆ ಇಪ್ಪತ್ತು ಮೂವತ್ತು ಅಡಿ ದೂರ ನಿಲ್ಲಿಸಿ, ಒಂದು ಟವೆಲ್ಲನ್ನು ಒಮ್ಮೆ ಮಾತ್ರ ಝಾಡಿಸಲು ಹೇಳಿ. ತಕ್ಷಣ ಕತ್ತು ಮೇಲೇಳುತ್ತದೆ, ಕಿವಿ ಬುಡದಲ್ಲಿ ನಿಮಿರುತ್ತದೆ, ಕಣ್ಣು ದೂರಕ್ಕೆ ನೆಡುತ್ತದೆ. ಆ ಎರಡು ಕ್ಷಣ ನಿಮ್ಮದು. ಮೂರನೆಯ ಸಲಕ್ಕೆ ಅದು ಟವೆಲ್ಲಿಗೆ ಸೊಪ್ಪು ಹಾಕುವುದಿಲ್ಲ. ಆದ್ದರಿಂದ ಎಲ್ಲ ಸಜ್ಜಾದ ಮೇಲೆಯೇ ಝಾಡಿಸಬೇಕು.

ಈ ಜಾತಿಗೆ ಪರಕೀಯರು ಮೈ ಮುಟ್ಟುವುದು ಸೇರುವುದಿಲ್ಲ. ಸ್ಟುಡಿಯೋದವರನ್ನು ಮನೆಗೆ ಕರೆಸಿದರೆ ನಾಯಿ ಮೈ ಬಿಗಿ ಹಿಡಿದು, ಬಾಲ ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿಲ್ಲುತ್ತದೆ. ರೊಟ್ಟಿ ಹಾಕುವ ಕೈಯೇ ಫೋಟೋ ತೆಗೆದರೆ ಅರ್ಧ ಕೆಲಸ ಆದಂತೆ. ತೊಂದರೆ ಒಂದೇ, ನೀವು ಕೂತ ಕೂಡಲೇ ಅದು ಓಡಿಬಂದು ಮೊಬೈಲು ನೆಕ್ಕುತ್ತದೆ! ಅದಕ್ಕೆ ನಾಲ್ಕೈದು ದಿನ ಮೊದಲಿನಿಂದಲೇ ರೂಢಿ ಮಾಡಿಸಿ. ದಿನಾ ಎರಡು ನಿಮಿಷ ಸುಮ್ಮನೆ ಮೊಬೈಲು ಹಿಡಿದು ಕೂಡಿ, ಫೋಟೋ ತೆಗೆಯಬೇಡಿ, ಒಂದು ಚೂರು ರೊಟ್ಟಿ ಹಾಕಿ ಎದ್ದುಹೋಗಿ. ಐದನೆಯ ದಿನಕ್ಕೆ ಮೊಬೈಲು ಅದಕ್ಕೆ ಲಟ್ಟಣಿಗೆಯಷ್ಟೇ ಪರಿಚಯದ ಸಾಮಾನಾಗಿರುತ್ತದೆ. ಫೋಟೋದ ದಿನ ಹೊಟ್ಟೆ ತುಂಬ ಹಾಕಿ ನಿಲ್ಲಿಸಬೇಡಿ, ತೂಕಡಿಸುತ್ತದೆ. ಪೂರಾ ಹಸಿದಿರುವಾಗಲೂ ಬೇಡ, ನಿಲ್ಲುವುದಿಲ್ಲ.

ಮಧ್ಯೆ ಅದು ಮೇಲಿಂದ ಮೇಲೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಬಿಳಿಯಿಂದ ನೋಡಿದರೆ ನಿದ್ದೆ ಬಂದಿದೆ ಎಂದುಕೊಳ್ಳಬೇಡಿ. "ಸಾಕವ್ವಾ, ಬಿಡು" ಎಂದು ಅದು ಹೇಳುತ್ತಿದೆ. ಅಲ್ಲಿಗೆ ನಿಲ್ಲಿಸಿ, ನಾಳೆ ನೋಡಿದರಾಯಿತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳ ಫೋಟೋಕ್ಕಾಗಿ ಗಂಟೆಗಟ್ಟಲೆ ಕಾಯುತ್ತಿದ್ದುದನ್ನು ಓದಿದ್ದೀರಲ್ಲ? ನಮ್ಮ ನಾಯಿ ಹಾರಿಹೋಗುವುದಿಲ್ಲ, ಇಷ್ಟೇ ವ್ಯತ್ಯಾಸ.

ಹಿನ್ನೆಲೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಫೋಟೋ ಕೆಡುವುದು ಬಹುತೇಕ ಇಲ್ಲಿಯೇ. ನಾಯಿಯ ಬೆನ್ನಿನಿಂದ ಬಟ್ಟೆ ಒಣಹಾಕುವ ಹಗ್ಗ ಎದ್ದಿರುತ್ತದೆ, ಕಿವಿಯ ಹಿಂದೆ ಪ್ಲಾಸ್ಟಿಕ್ ಕೊಡ, ಕಾಲಿನ ಬಳಿ ಯಾರದೋ ಚಪ್ಪಲಿ. ಕಬ್ಬಿನ ಸೀಮೆಯವರು ಇನ್ನೊಂದು ಗಮನಿಸಬೇಕು. ಗೋದಿಬಣ್ಣದ ನಾಯಿಯನ್ನು ಒಣ ರವದಿಯ ಮುಂದೆ ನಿಲ್ಲಿಸಿದರೆ ನಾಯಿ ಯಾವುದು, ರವದಿ ಯಾವುದು? ಅದೇ ನಾಯಿ ಹಸಿರು ಕಬ್ಬಿನ ಮುಂದೆ ಎದ್ದು ಕಾಣುತ್ತದೆ. ಕರಿಯ ನಾಯಿಗೆ ತಲೆಬಾಗಿಲ ಕತ್ತಲೆ ಆಗದು, ಮಸಕು ಬಿಳಿ ಗೋಡೆ ಬೇಕು. ಬೇರೆ ದಾರಿ ಇಲ್ಲದಿದ್ದರೆ ಹಗ್ಗದ ಮೇಲೆ ಒಂದು ಸೀರೆ ಇಳಿಬಿಟ್ಟು ಪರದೆ ಮಾಡಿ. ರಬಕವಿ-ಬನಹಟ್ಟಿಯ ಸೋದರಿಯರಿಗೆ ಸೀರೆಗೇನು ಕೊರತೆಯೇ! ಆದರೆ ಚೌಕಳಿಯದು ಬೇಡ, ದೊಡ್ಡ ಅಂಚಿನದೂ ಬೇಡ, ಒಂದೇ ಬಣ್ಣದ ಒಡಲು ಸಾಕು, ಅದೂ ಹಳೆಯದು. ನಾಯಿಗೂ ಪರದೆಗೂ ನಡುವೆ ಐದಾರು ಅಡಿ ಬಿಡಿ, ನೆರಿಗೆಗಳು ಮಸಕಾಗುತ್ತವೆ. ಮೊಬೈಲಿನಲ್ಲಿ ಹಿಂದಿನದನ್ನೆಲ್ಲ ಮಸಕು ಮಾಡುವ 'ಪೋರ್ಟ್ರೇಟ್' ಎಂಬ ಅನುಕೂಲ ಇದೆಯಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಧೋಳ ನಾಯಿಯ ಸಣ್ಣ ಬಾಲವನ್ನೂ ಬೆಕ್ಕಿನ ಮೀಸೆಯನ್ನೂ ಎಷ್ಟೋ ಸಲ ಅದು ಅರ್ಧಕ್ಕೆ ಅಳಿಸಿಹಾಕುತ್ತದೆ.

ಕಪ್ಪು-ಬಿಳಿ ಬಣ್ಣದ ವಿಷಯದಲ್ಲಿ ಕ್ಯಾಮರಾ ಸ್ವಲ್ಪ ಪೆದ್ದು. ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೂದಿಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಕರಿನಾಯಿ ಬೂದಿಯಾಗಿ, ಬಿಳಿನಾಯಿ ಕೊಳೆಯಾಗಿ ಬರುವುದು. ಪರದೆಯ ಮೇಲೆ ನಾಯಿಯ ಕಣ್ಣಿನ ಜಾಗದಲ್ಲಿ ಬೆರಳಿಟ್ಟರೆ ಹೆಚ್ಚಿನ ಮೊಬೈಲುಗಳಲ್ಲಿ ಪಕ್ಕದಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ. ಕರಿನಾಯಿಗೆ ಅದನ್ನು ತುಸು ಕೆಳಕ್ಕೆ, ಬಿಳಿನಾಯಿಗೆ ತುಸು ಮೇಲಕ್ಕೆ ಎಳೆಯಿರಿ. ಬೆರಳನ್ನು ಕಣ್ಣಿನ ಮೇಲೆಯೇ ಇಡಬೇಕು, ಮೂಗಿನ ಮೇಲಲ್ಲ. ಇಷ್ಟುದ್ದದ ಮೂತಿಯಲ್ಲಿ ಮೂಗು ಸ್ಪಷ್ಟವಾಗಿ ಕಣ್ಣು ಮಂಜಾದರೆ ಆ ಫೋಟೋ ಹೋದಂತೆಯೇ. ಇದಕ್ಕೆಲ್ಲ ಮೊದಲು ಮೊಬೈಲಿನ ಗಾಜನ್ನು ಹತ್ತಿಬಟ್ಟೆಯಿಂದ ಒರೆಸಿ. ಒಗ್ಗರಣೆಯ ಎಣ್ಣೆಕೈ ತಗಲಿದ ಗಾಜಿನಿಂದ ತೆಗೆದ ಚಿತ್ರ ಯಾವಾಗಲೂ ಮಂಜು ಮಂಜು.

ಓಡುವ ನಾಯಿಯ ಫೋಟೋ ಬೇಕೆಂದು ಹುಡುಗರು ಹಟ ಹಿಡಿಯುತ್ತಾರೆ. ಲೆಕ್ಕ ನೋಡಿ: ನಾಯಿ ಗಂಟೆಗೆ 40 ಕಿಲೋಮೀಟರ್ ಓಡಿತೆಂದರೆ ಸೆಕೆಂಡಿಗೆ 11 ಮೀಟರ್ ಆಯಿತು. ಕ್ಯಾಮರಾದ ಕಣ್ಣು ಸೆಕೆಂಡಿನ ನೂರನೆಯ ಒಂದು ಪಾಲು ತೆರೆದಿದ್ದರೂ ಅಷ್ಟರಲ್ಲಿ ನಾಯಿ 11 ಸೆಂಟಿಮೀಟರ್, ಅಂದರೆ ಒಂದು ಗೇಣಿನ ಅರ್ಧ, ಮುಂದೆ ಹೋಗಿರುತ್ತದೆ. ಚಿತ್ರ ಕಲಸಿದ ಹಿಟ್ಟಾಗುತ್ತದೆ. ಸಾವಿರದ ಒಂದು ಪಾಲಾದರೆ ಒಂದೇ ಸೆಂಟಿಮೀಟರ್. ಅಷ್ಟು ಚುರುಕಾಗಿ ಕಣ್ಣು ಮುಚ್ಚಲು ಕ್ಯಾಮರಾಕ್ಕೆ ಧಾರಾಳ ಬೆಳಕು ಬೇಕು, ಆದ್ದರಿಂದ ಓಟದ ಫೋಟೋಗೆ ಮಾತ್ರ ಮುಂಜಾನೆಯ ತೆರೆದ ಬಿಸಿಲೇ ಸರಿ. ಗುಂಡಿಯನ್ನು ಒತ್ತಿ ಹಿಡಿದರೆ ಅಥವಾ ಪಕ್ಕಕ್ಕೆ ಎಳೆದರೆ ಸಾಲಾಗಿ ಹತ್ತಿಪ್ಪತ್ತು ಫೋಟೋ ಬರುವ ಅನುಕೂಲ ಈಗಿನ ಮೊಬೈಲುಗಳಲ್ಲಿದೆ. ಮುಪ್ಪಿನ ನಾಯಿಯನ್ನು ಇದಕ್ಕಾಗಿ ಓಡಿಸಬೇಡಿ.

ಮುಪ್ಪಿನ ನಾಯಿಯ ದಾರಿಯೇ ಬೇರೆ. ಪತ್ರ ಬರೆದ ಸೋದರಿ ಇದನ್ನು ವಿಶೇಷವಾಗಿ ಗಮನಿಸಬೇಕು. ಹನ್ನೊಂದು ವರ್ಷದ ಮುಧೋಳ ನಾಯಿಗೆ ಕೀಲುಗಳು ಹಿಡಿದಿರುತ್ತವೆ, ಹೆಚ್ಚು ಹೊತ್ತು ನಿಲ್ಲಲಾರದು. ನಿಲ್ಲಿಸಲೂಬೇಡಿ. ಪಡಸಾಲೆಯಲ್ಲಿ ಬಾಗಿಲ ಬೆಳಕು ಬೀಳುವ ಕಡೆ ಅದು ದಿನಾ ಮಲಗುವ ಕೌದಿಯನ್ನೇ ಹಾಸಿ, ಮುಂಗಾಲು ಚಾಚಿ ಮಲಗಲಿ, ತಲೆ ಎತ್ತಿರಲಿ. ಮೂತಿ ಬೆಳ್ಳಗಾಗಿದ್ದರೆ ಅದನ್ನು ಮುಚ್ಚುವ ಪ್ರಯತ್ನ ಬೇಡ. ಹನ್ನೊಂದು ವರ್ಷ ಮನೆ ಕಾಯ್ದ ಬಿಳುಪು ಅದು. ಮುಪ್ಪಿನಲ್ಲಿ ನಾಯಿಯ ಕಣ್ಣಿಗೆ ನೀಲಿಮಸಕು ಬರುವುದುಂಟು. ನೇರ ಬಿಸಿಲಿಗೆ ಮುಖ ಮಾಡಿದರೆ ಆ ಮಸಕೇ ಮೊದಲು ಕಾಣುತ್ತದೆ, ಬಾಗಿಲಿನಿಂದ ತುಸು ಓರೆಯಾಗಿ ಮುಖ ತಿರುಗಿಸಿದರೆ ಕಣ್ಣು ತಿಳಿಯಾಗಿ ಬರುತ್ತದೆ. ಕಿವಿ ಮಂದವಾಗಿದ್ದರೆ ಕೂಗಿ ಕರೆಯಬೇಡಿ, ಅಂಗೈಯಿಂದ ನೆಲ ತಟ್ಟಿ.

ಇಷ್ಟಾದ ಮೇಲೆ ಮಾವನವರನ್ನು ಪಕ್ಕದಲ್ಲಿ ಕೂಡಿಸಿ. ಕ್ಯಾಮರಾ ನೋಡಿರಿ ಎಂದು ಮಾತ್ರ ಹೇಳಬೇಡಿ, ನಮ್ಮ ಹಿರಿಯರು ಕ್ಯಾಮರಾ ನೋಡಿದರೆ ಕಚೇರಿಯ ದಾಖಲೆಗೆ ಫೋಟೋ ತೆಗೆಸಿಕೊಳ್ಳುವವರಂತೆ ಕಲ್ಲಾಗುತ್ತಾರೆ. "ಮರಿ ಇದ್ದಾಗ ಎಲ್ಲಿಂದ ತಂದ್ರಿ, ಮಾವನವರ?" ಎಂದು ಕೇಳಿ ಸುಮ್ಮನಿರಿ. ಮಾತಾಡುತ್ತ ಮಾತಾಡುತ್ತ ಅವರ ಕೈ ತಾನಾಗಿ ನಾಯಿಯ ತಲೆಯ ಮೇಲೆ ಹೋಗುತ್ತದೆ. ಆ ಕೈ, ಆ ತಲೆ ಎರಡನ್ನೇ ಹತ್ತಿರದಿಂದ ಒಂದು ತೆಗೆಯಿರಿ. ಆಮೇಲೆ ಇಬ್ಬರೂ ಪೂರ್ತಿ ಬರುವಂತೆ ಒಂದು. ಹೇಳಿ ನಗಿಸಿದ ಫೋಟೋಕ್ಕಿಂತ ಇದು ಬೇರೆಯೇ ಆಗಿರುತ್ತದೆ. ಇನ್ನೊಂದು ಮಾತು, ಮೊಬೈಲನ್ನು ಮಗನ ಕೈಗೆ ಕೊಟ್ಟು ನೀವೂ ಆ ಕೌದಿಯ ಅಂಚಿನಲ್ಲಿ ಒಮ್ಮೆ ಕೂತುಕೊಳ್ಳಿ. ಫೋಟೋ ತೆಗೆಯುವವಳು ಮನೆಯ ಯಾವ ಫೋಟೋದಲ್ಲೂ ಇಲ್ಲದಂತಾಗಬಾರದು.

ನಾದಿನಿಗೆ ಕಳಿಸುವುದಕ್ಕೆ ಮಾತ್ರ ಬೇರೆ ಒಂದು ತೆಗೆದಿಡಿ, ನಾಯಿ ಪಕ್ಕಕ್ಕೆ ನಿಂತದ್ದು. ಒಂದೇ ನಿಮಿಷ ನಿಂತರೆ ಸಾಕು. ಮುಂಜಾನೆಯ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬರಲಿ, ಆಗ ಪಕ್ಕೆಲುಬಿನ ನೆರಳು ಬೀಳುವುದಿಲ್ಲ. ಕ್ಯಾಮರಾ ನಾಯಿಯ ಎದೆಯ ಮಟ್ಟದಲ್ಲಿ, ಮೂಗಿನಿಂದ ಬಾಲದ ತುದಿಯವರೆಗೆ ಪೂರ್ತಿ ಬರಬೇಕು, ಪಾದಗಳನ್ನು ಕತ್ತರಿಸಬಾರದು. ಸರಪಳಿ ಸಡಿಲವಿರಲಿ, ಹಿಡಿದವರು ಚೌಕಟ್ಟಿನ ಹೊರಗೆ ನಿಲ್ಲಲಿ. ಆಗ ಆ ಆಳವಾದ ಎದೆ, ಬೆನ್ನಿನ ಸಣ್ಣ ಕಮಾನು, ಸೆಳೆದ ಹೊಟ್ಟೆ ಒಂದಕ್ಕೊಂದು ಹೊಂದಿ, ಇದು ಹಸಿದ ನಾಯಿಯಲ್ಲ, ಓಟದ ನಾಯಿ ಎಂಬುದು ಪುಣೆಯವರಿಗೂ ತಿಳಿಯುತ್ತದೆ.

ಈ ನಿಲುವಿನ ಫೋಟೋ ಇನ್ನೊಂದು ಕಾರಣಕ್ಕೂ ಕಲಿತಿರಬೇಕು. ಮುಧೋಳ ಸೀಮೆಯಲ್ಲಿ ಮರಿ ಸಾಕಿ ಮಾರುವುದು ಎಷ್ಟೋ ಮನೆಗಳಿಗೆ ಒಂದು ಆಧಾರ, ಆ ಮರಿಗಳ ಆರೈಕೆ ಮಾಡುವವರೂ ಹೆಚ್ಚಾಗಿ ಹೆಂಗಸರೇ. ಈಗ ಕೊಳ್ಳುವವರು ಮೊದಲು ನೋಡುವುದು ವಾಟ್ಸಾಪಿನ ಫೋಟೋವನ್ನು. ಮರಿಯದೊಂದೇ ಅಲ್ಲ, ತಾಯಿಯದೂ ತಂದೆಯದೂ ಹೀಗೆ ಪಕ್ಕಕ್ಕೆ ನಿಂತ ಫೋಟೋ ಇದ್ದರೆ ತಳಿ ಬಲ್ಲವರು ನಂಬುತ್ತಾರೆ, ನಡುವಿನ ದಲ್ಲಾಳಿಯ ಮಾತಿಗೆ ನೀವು ತಲೆಬಾಗಬೇಕಾಗಿಲ್ಲ. ಬಣ್ಣ ಹೆಚ್ಚಿಸಿ, ಮೈ ತಿದ್ದಿ ಕಳಿಸುವುದು ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಿಯಮಗಳ ಪ್ರಕಾರ ತಪ್ಪು. ಆದ್ದರಿಂದ ಕಣ್ಣು ಬಿಟ್ಟ ಮರುದಿನವೇ ಫೋಟೋ ಕಳಿಸಿ ಆಸೆ ಹುಟ್ಟಿಸುವ ಅವಸರವೂ ಬೇಡ.

ಉಳಿದ ಪ್ರಾಣಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಬೆಕ್ಕಿಗೆ ಸಂಜೆಯ ಮಂದ ಬೆಳಕೇ ಚೆಂದ, ಬಿಸಿಲಲ್ಲಿ ಅದರ ಕಣ್ಣಿನ ಪಾಪೆ ಗೆರೆಯಾಗಿಬಿಡುತ್ತದೆ. ಬನಹಟ್ಟಿಯ ಕಡೆ ಈಗ ಬಹಳಷ್ಟು ಪಾವರ್‌ಲೂಮ್ ಆದರೂ ಕುಣಿ ಮಗ್ಗ ಇರುವ ಮನೆಗಳಲ್ಲಿ ಒಂದು ಸೊಗಸಾದ ಅನುಕೂಲವಿದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ನೆಲದ ಮೇಲಿನ ಬೆಕ್ಕಿನ ಮಟ್ಟಕ್ಕೆ ನಾವು ಅರ್ಧ ಇಳಿದೇ ಇರುತ್ತೇವೆ, ಮಣೆಯೂ ಬೇಡ. ಆಕಳು, ಎತ್ತುಗಳನ್ನು ಎದುರಿನಿಂದ ತೆಗೆದರೆ ಬರೇ ಮೂಗು. ಭುಜದ ಕಡೆಯಿಂದ ತುಸು ಓರೆಯಾಗಿ ತೆಗೆಯಿರಿ. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಬಳಿದು ಗೊಂಡೆ ಕಟ್ಟಿದ ಮೇಲೆ ಗದ್ದಲದಲ್ಲಿ ಫೋಟೋ ಆಗದು, ಕೊಟ್ಟಿಗೆಯಿಂದ ಹೊರಡುವ ಮೊದಲೇ ತೆಗೆದುಬಿಡಬೇಕು. ಪಂಜರದ ಗಿಳಿಯ ಫೋಟೋ ಹೇಗೆ ಎಂದು ಬೀಳಗಿಯಿಂದ ಒಬ್ಬರು ಕೇಳಿದ್ದಾರೆ. ತಂಗೀ, ನಮ್ಮ ದೇಶದ ಗಿಳಿಯನ್ನು ಮನೆಯಲ್ಲಿ ಸಾಕುವುದನ್ನೇ 1972ರ ವನ್ಯಜೀವಿ ಕಾಯ್ದೆ ಒಪ್ಪುವುದಿಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ ಅದಕ್ಕೊಂದು ದಾರಿ ಮಾಡಿ. ಹಿತ್ತಲ ಪೇರಲ ಗಿಡಕ್ಕೆ ಬರುವ ಗಿಳಿಗಳ ಫೋಟೋ ಹೇಗೆಂದು ಕೇಳಿದರೆ ಮುಂದೊಮ್ಮೆ ಸಂತೋಷದಿಂದ ಬರೆಯುತ್ತೇನೆ.

ಕೊನೆಗೆ ಫೋಟೋ ಉಳಿಸುವ ಮಾತು. ಐವತ್ತು ತೆಗೆದರೆ ಎರಡು ಚೆನ್ನಾಗಿ ಬಂದಾವು, ಅಷ್ಟಕ್ಕೇ ತೃಪ್ತಿಪಡಬೇಕು. ಅವತ್ತೇ ರಾತ್ರಿ ಕೂತು ಉಳಿದವನ್ನು ಅಳಿಸಿಬಿಡಿ, ಇಲ್ಲದಿದ್ದರೆ ಒಳ್ಳೆಯದು ಗುಂಪಿನಲ್ಲಿ ಕಳೆದುಹೋಗುತ್ತದೆ. ಮೊಬೈಲು ನೀರಿಗೆ ಬಿದ್ದರೆ, ಕಳುವಾದರೆ ಎಲ್ಲವೂ ಹೋಯಿತು. ಆದ್ದರಿಂದ ಕಾಗದದ ಮೇಲೆ ಅಚ್ಚು ಹಾಕಿಸಿ. ಆರು-ನಾಲ್ಕು ಅಂಗುಲದ ಫೋಟೋ ಸ್ಪಷ್ಟವಾಗಿ ಬರಲು ಚಿತ್ರದಲ್ಲಿ 1800ಕ್ಕೆ 1200 ಚುಕ್ಕೆಗಳಿದ್ದರೆ ಸಾಕು, ಈಗಿನ ಯಾವ ಮೊಬೈಲಿಗೂ ಅದು ಕಷ್ಟವಲ್ಲ. ಆದರೆ ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಸ್ಟುಡಿಯೋದವರಿಗೆ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿ, ಇಲ್ಲವೇ ಮೊಬೈಲನ್ನೇ ಒಯ್ದು ತಂತಿ ಹಚ್ಚಿ ತೆಗೆದುಕೊಳ್ಳಲು ಹೇಳಿ. ಎರಡು ಪ್ರತಿ ಹಾಕಿಸಿ, ಒಂದು ಗೋಡೆಗೆ, ಒಂದು ಪೆಟ್ಟಿಗೆಗೆ. ಗೋಡೆಯದು ಬಿಸಿಲು ಬೀಳುವ ಕಡೆ ಬೇಡ, ಬಣ್ಣ ಹಾರುತ್ತದೆ. ಆ ನುಣುಪು ಕಾಗದದ ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಬಾಲ್‌ಪೆನ್ನು ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಸಣ್ಣ ಮೊನೆಯ ಮಾರ್ಕರ್ ಪೆನ್ನಿನಲ್ಲಿ ನಾಯಿಯ ಹೆಸರು, ಊರು, ತಿಂಗಳು, ವರ್ಷ ಬರೆದು, ಐದು ನಿಮಿಷ ಒಣಗಿಸಿ ಆಮೇಲೆ ಚೌಕಟ್ಟಿಗೆ ಹಾಕಿಸಿ.